ಅಮ್ಮ ಯಾಕೆ ಯಾರನ್ನೂ ಎತ್ತಿಕೊಳ್ಳುವುದಿಲ್ಲ

ಮಾರ್ಚ್ ೪

ಅಕ್ಕಾ,

ಮೂರು ಗಂಟೆ ಹತ್ತು ನಿಮಿಷ. ನನ್ನನ್ನು ಎಬ್ಬಿಸಿದ್ದು ಪಾಪು ಅಲ್ಲ, ಅವಳು ಬಾಯಿ ತೆರೆದುಕೊಂಡು ರಾಜಠೀವಿಯಲ್ಲಿ ಮಲಗಿದ್ದಾಳೆ. ಎಬ್ಬಿಸಿದ್ದು ಕೆಳಗಿನ ಬೇಕರಿಯವನ ಶಟರ್. ಮೂರು ಮಹಡಿ ಕೆಳಗೆ ಅವನು ಅದನ್ನು ಮೇಲೆತ್ತಿದರೆ ನನ್ನ ಹಲ್ಲುಗಳವರೆಗೂ ಕೇಳಿಸುತ್ತದೆ. ಆಮೇಲೆ ನಿದ್ದೆ ಬಾ ಅಂದರೆ ಬರುವುದಿಲ್ಲ. ಇವರು ಪತ್ರಿಕೆ ಅಚ್ಚಾಗುವ ಯಂತ್ರದ ಮುಂದೆ ನಿಂತಿರುತ್ತಾರೆ, ಮನೆಗೆ ಬರುವುದು ಬೆಳಗಿನ ಆರಕ್ಕೆ. ಅಲ್ಲಿಯವರೆಗೆ ನಾನು, ಪಾಪು, ಗಡಿಯಾರ.

ಫೋನ್ ಬಿಟ್ಟು ಕಾಗದ ಯಾಕೆ ಅಂತ ಕೇಳುತ್ತೀಯ. ಫೋನಿನಲ್ಲಿ ನೀನು "ಎಲ್ಲಾ ಆರಾಮಾ?" ಅನ್ನುತ್ತೀಯ, ನಾನು "ಹೂಂ" ಅನ್ನುತ್ತೇನೆ, ಹಿಂದೆ ನಿನ್ನ ಹೊಲಿಗೆ ಯಂತ್ರ ಕಟಕಟ ಅನ್ನುತ್ತದೆ, ಅಲ್ಲಿಗೆ ಮಾತು ಮುಗಿಯಿತು. ಹೇಳಬೇಕಾದ್ದು ಆ "ಹೂಂ"ನ ಒಳಗೇ ಉಳಿದುಬಿಡುತ್ತದೆ.

ಹೇಳಬೇಕಾದ್ದು ಇದು. ಪಾಪುವನ್ನು ಎತ್ತಿಕೊಂಡು ನಮ್ಮ ಸರಳಿಲ್ಲದ ಕಿಟಕಿಯ ಹತ್ತಿರ ಹೋದಾಗಲೆಲ್ಲ ನನಗೊಂದು ಯೋಚನೆ ಬರುತ್ತದೆ. ಈಗ ಕೈ ಬಿಟ್ಟರೆ? ಅಷ್ಟೇ. ಸಿಟ್ಟಿಲ್ಲ, ಬೇಸರವಿಲ್ಲ, ಅವಳು ಅಳುತ್ತಲೂ ಇರುವುದಿಲ್ಲ. ಬಾಗಿಲು ತಟ್ಟದೆ ಒಳಗೆ ಬಂದು ಕುರ್ಚಿ ಎಳೆದುಕೊಂಡು ಕೂರುವ ನೆಂಟನ ಹಾಗೆ ಬಂದು ಕೂರುತ್ತದೆ. ನಾನು ಹಿಂದೆ ಹಿಂದೆ ನಡೆದು ಮಂಚದ ಮೇಲೆ ಕೂರುತ್ತೇನೆ.

ನನ್ನ ಕೆಲಸ ನಿನಗೆ ಗೊತ್ತಲ್ಲ. ಗಾಜಿನ ಕಾರ್ಖಾನೆಯಲ್ಲಿ ಆರು ವರ್ಷ, ಬೆಳಕಿನ ಪರದೆಯ ಮುಂದೆ ಸಾಲಾಗಿ ಸಾಗುವ ಬಾಟಲಿಗಳನ್ನು ನೋಡಿ ಬಿರುಕಿದ್ದದ್ದನ್ನು ಎತ್ತಿ ಪಕ್ಕಕ್ಕಿಡುವುದು. ನಾವು ತೂಕಡಿಸುತ್ತಿಲ್ಲ ಎಂದು ನೋಡಲು ಮೇಲ್ವಿಚಾರಕಿ ಬೇಕೆಂದೇ ಒಡಕು ಬಾಟಲಿಗಳನ್ನು ಸಾಲಿನಲ್ಲಿ ಸೇರಿಸುತ್ತಿದ್ದಳು. ಅವಕ್ಕೆ ಪರೀಕ್ಷೆ ಬಾಟಲಿ ಅಂತ ಹೆಸರು. ಬಿರುಕು ಎಷ್ಟೇ ಸಣ್ಣದಿರಲಿ, ಬಾಟಲಿ ಪೂರ್ತಿ ಪುಡಿಗೆ ಹೋಗಬೇಕು. ಮನುಷ್ಯರಿಗೂ ಅದೇ ನಿಯಮವಾ? ಕಾಲೇಜಿನಲ್ಲಿ ಮನಶ್ಶಾಸ್ತ್ರದ ಮೇಷ್ಟ್ರು ಹೇಳುತ್ತಿದ್ದರು, ದಿನಾ ಓಡಾಡಿದ ಕಡೆ ಹುಲ್ಲು ಸವೆದು ಕಾಲುದಾರಿ ಬೀಳುವ ಹಾಗೆ, ದಿನಾ ಬಂದ ಯೋಚನೆ ಮನುಷ್ಯನಲ್ಲಿ ದಾರಿ ಮಾಡಿಕೊಳ್ಳುತ್ತದೆ ಅಂತ. ನಾನು ಅದನ್ನೇ ಚೆನ್ನಾಗಿ ಬರೆದು ಅಂಕ ತೆಗೆದಿದ್ದೆ. ಈಗ ಆ ದಾರಿ ಎಲ್ಲಿಗೆ ಹೋಗುತ್ತದೋ ನೋಡಬೇಕು ಅನ್ನಿಸುತ್ತದೆ, ನೋಡಲು ಭಯವೂ ಆಗುತ್ತದೆ.

ಇನ್ನೊಂದು ವಿಷಯ. ಬಾಣಂತನಕ್ಕೆ ಬಂದಿದ್ದಾಗ ಅಮ್ಮ ಹತ್ತು ದಿನ ಬಟ್ಟೆ ಮಡಚಿದಳು, ಅಡುಗೆ ಮಾಡಿದಳು, ನನ್ನ ಕಾಲು ಒತ್ತಿದಳು. ಪಾಪುವನ್ನು ಒಂದು ಸಲವೂ ಎತ್ತಿಕೊಳ್ಳಲಿಲ್ಲ. ಕೈಕಟ್ಟಿಕೊಂಡು ತೊಟ್ಟಿಲ ಪಕ್ಕ ನಿಂತು ನೋಡುತ್ತಿದ್ದಳು, ಅಂಗಡಿಯಲ್ಲಿ ಬೆಲೆಬಾಳುವ ಸಾಮಾನು ನೋಡಿದ ಹಾಗೆ. ನಿನ್ನ ಮಕ್ಕಳನ್ನೂ ಎತ್ತಿಕೊಂಡದ್ದು ನಾನು ಕಂಡಿಲ್ಲ. ನನ್ನನ್ನಂತೂ ಹನ್ನೊಂದನೇ ತಿಂಗಳಿಗೆ ದೊಡ್ಡಮ್ಮನ ಮನೆಗೆ ಕಳಿಸಿದಳು, ನಾಲ್ಕು ವರ್ಷ ಆಗುವವರೆಗೆ ಅಲ್ಲೇ. ಅಮ್ಮನಿಗೆ ಹುಷಾರಿರಲಿಲ್ಲ ಅಂತ ಎಲ್ಲರೂ ಹೇಳಿದರು. ಏನಾಗಿತ್ತು? ನಿನಗಾಗ ಒಂಬತ್ತು ವರ್ಷ, ನೆನಪಿರಬೇಕು.

ನಿನ್ನ
ಯಾಕಮ್ಮ

ಮಾರ್ಚ್ ೧೫

ಯಾಕಮ್ಮ,

ಹೆಸರಿಟ್ಟವಳು ನಾನೇ. ಮಾತು ಬಂದಾಗಿನಿಂದ "ಯಾಕೆ, ಯಾಕೆ" ಅಂತ ಪ್ರಾಣ ತಿಂದವಳು ಮೂರು ಗಂಟೆ ರಾತ್ರಿಯಲ್ಲಿ ಬಿಟ್ಟೀಯಾ? ಶಾಲೆ ಶುರುವಾಗುವ ಮುಂಚೆ ಇನ್ನೂರ ನಲವತ್ತು ಚಡ್ಡಿ ಹೊಲಿದು ಕೊಡಬೇಕು, ಅದಕ್ಕೇ ಅಳತೆ ಚೀಟಿಯ ಹಿಂಭಾಗದಲ್ಲಿ ಬರೆಯುತ್ತಿದ್ದೇನೆ. ಇದರ ಮುಂಭಾಗದಲ್ಲಿರುವುದು ಯಾವನೋ ಎರಡನೇ ತರಗತಿಯವನ ಸೊಂಟ, ತಲೆ ಕೆಡಿಸಿಕೊಳ್ಳಬೇಡ.

ನಿದ್ದೆಗೆಟ್ಟವರಿಗೆ ಏನೇನೋ ಬರುತ್ತದೆ. ನನ್ನ ದೊಡ್ಡವನು ಹುಟ್ಟಿದಾಗ ಗೋಡೆಯ ಮೇಲಿನ ತೇವದ ಕಲೆ ನನ್ನನ್ನು ನೋಡಿ ನಗುತ್ತಿದೆ ಅನ್ನಿಸುತ್ತಿತ್ತು. ಸುಣ್ಣ ಹೊಡೆಸಿದೆವು, ಹೋಯಿತು. ಮಂಚವನ್ನು ಕಿಟಕಿಯಿಂದ ದೂರ ಎಳೆದುಹಾಕು. ಮಧ್ಯಾಹ್ನ ಪಾಪು ಮಲಗಿದಾಗ ನೀನೂ ಮಲಗು, ಪಾತ್ರೆ ಎಲ್ಲಿಗೂ ಓಡಿಹೋಗುವುದಿಲ್ಲ.

ಅಮ್ಮನಿಗೆ ಎದೆಯ ತೊಂದರೆ ಇತ್ತು. ಭಾರ ಎತ್ತಬಾರದು ಅಂದಿದ್ದರು. ಅವಳ ಸ್ವಭಾವವೇ ಹಾಗೆ, ಮೈಗೆ ಅಂಟಿಕೊಳ್ಳುವವಳಲ್ಲ. ಅದನ್ನೆಲ್ಲ ಈಗ ಯಾಕೆ?

ಅಕ್ಕ

ಏಪ್ರಿಲ್ ೨

ಅಕ್ಕಾ,

ಮಂಚ ಎಳೆದುಹಾಕಿದೆ. ಯೋಚನೆಯೂ ಮಂಚದ ಜೊತೆ ಸರಿದು ಬಂತು. ಈಗ ಅಡುಗೆಮನೆಯ ಕಲ್ಲುಕಟ್ಟೆಯ ಹತ್ತಿರವೂ ಬರುತ್ತದೆ.

ಆದರೆ ಈ ಸಲ ನಾನು ಸುಮ್ಮನೆ ಹೆದರಿಕೊಂಡು ಕೂರಲಿಲ್ಲ. ಅದು ಬಂದ ಹೊತ್ತನ್ನೆಲ್ಲ ಒಂದು ಪುಸ್ತಕದಲ್ಲಿ ಬರೆಯುತ್ತಿದ್ದೇನೆ. ಎರಡು ವಾರ ಬರೆದ ಮೇಲೆ ಒಂದು ವಿಚಿತ್ರ ಕಂಡಿತು. ಪಾಪು ಹಟ ಮಾಡಿ ನನ್ನ ತಲೆ ಕೆಡಿಸಿದ ದಿನ ಅದು ಬರುವುದೇ ಇಲ್ಲ. ಅವಳು ನಕ್ಕ ದಿನ, ನನ್ನ ಮೂಗು ಹಿಡಿದು ಎಳೆದ ದಿನ, ಎದೆಗೆ ತಲೆಯಿಟ್ಟು ಮಲಗಿದ ದಿನ ಹೆಚ್ಚು ಬರುತ್ತದೆ. ಕೆಟ್ಟ ಯೋಚನೆ ಒಳ್ಳೆಯ ದಿನ ನೋಡಿಕೊಂಡು ಯಾಕೆ ಬರುತ್ತದೆ? ಮೇಷ್ಟ್ರು ಇದನ್ನು ಪಾಠ ಮಾಡಿರಲಿಲ್ಲ.

ಮೊನ್ನೆ ಪಾಪುವಿನ ತೂಕ ನೋಡಿಸಲು ಹೋದಾಗ ಅಲ್ಲಿನ ನರ್ಸಿಗೆ ಹೇಳಿಬಿಟ್ಟೆ. ಹೇಳಬೇಕು ಅಂತ ಹೋಗಿರಲಿಲ್ಲ. ಆಕೆ ತಕ್ಕಡಿಯ ಮೇಲೆ ಪಾಪುವನ್ನು ಮಲಗಿಸಿ, ಮುಳ್ಳಿನ ಕಡೆಯೇ ನೋಡುತ್ತ, ನಿದ್ದೆ ಹೇಗಿದೆ ಅಂತ ಕೇಳಿದರು. ನನ್ನ ಬಾಯಿಂದ ಕಿಟಕಿಯ ವಿಷಯ ಹೊರಗೆ ಬಂತು. ಪೊಲೀಸರನ್ನು ಕರೆಯುತ್ತಾರೇನೋ ಅಂತ ಬಾಗಿಲ ಕಡೆ ನೋಡಿದೆ.

ಆಕೆ ಕೇಳಿದ್ದು ಒಂದೇ ಪ್ರಶ್ನೆ. "ಬಿಡಬೇಕು ಅನ್ಸತ್ತಾ, ಇಲ್ಲಾ ಎಲ್ಲಿ ಬಿಟ್ಬಿಡ್ತೀನೋ ಅಂತ ಭಯ ಆಗತ್ತಾ?"

ಭಯ ಅಂದೆ.

"ಹೊರಗೆ ಬೆಂಚ್ ಮೇಲೆ ಎಂಟು ಜನ ಕೂತಿದಾರಲ್ಲ, ಅದ್ರಲ್ಲಿ ನಾಲ್ಕು ಜನಕ್ಕೆ ಇದೇ ಇರತ್ತೆ. ಒಬ್ರೂ ಪಕ್ಕದವರಿಗೆ ಹೇಳಲ್ಲ," ಅಂದರು. ಆಮೇಲೆ ಐದು ಕಿಲೋ ಮುನ್ನೂರು ಅಂತ ಚೀಟಿಯಲ್ಲಿ ಬರೆದು, ಬುಧವಾರ ಡಾಕ್ಟರಮ್ಮ ಬರುತ್ತಾರೆ, ಬಂದು ಮಾತಾಡಿ, ನಿದ್ದೆಗೆ ಏನಾದರೂ ಮಾಡೋಣ ಅಂದರು. ಹೊರಗೆ ಬಂದವಳು ಬೆಂಚಿನ ಮೇಲಿದ್ದ ಎಂಟು ಮುಖಗಳನ್ನೂ ನೋಡಿದೆ. ಯಾವ ನಾಲ್ಕು? ಬೆಳಕಿನ ಪರದೆಯ ಮುಂದೆ ಕೂತು ಪಳಗಿದ ಕಣ್ಣು ನನ್ನದು, ಒಂದು ಗೆರೆಯೂ ಕಾಣಲಿಲ್ಲ. ಎಲ್ಲರೂ ಮಕ್ಕಳ ಟೋಪಿ ಸರಿಮಾಡುತ್ತಿದ್ದರು.

ನಿನ್ನ ಕಾಗದದಲ್ಲಿ ಮಾತ್ರ ಒಂದು ಬಿರುಕು ಕಂಡಿತು. ಅಮ್ಮನಿಗೆ ಎದೆಯ ತೊಂದರೆ ಅಂತ ಬರೆದಿದ್ದೀಯ. ದೊಡ್ಡಮ್ಮ ಕೊನೆಯವರೆಗೂ ಹೇಳುತ್ತಿದ್ದದ್ದು ಹೊಟ್ಟೆಯ ಆಪರೇಷನ್ ಅಂತ. ಭಾರ ಎತ್ತಬಾರದವಳು ಎರಡು ಕೊಡ ನೀರು ಒಟ್ಟಿಗೆ ತರುತ್ತಿದ್ದದ್ದು ನನಗೇ ನೆನಪಿದೆ. ಅಕ್ಕಾ, ಏನಾಗಿತ್ತು?

ಯಾಕಮ್ಮ

ಏಪ್ರಿಲ್ ೨೦

ಯಾಕಮ್ಮ,

ಎದೆಯೋ ಹೊಟ್ಟೆಯೋ, ಇಪ್ಪತ್ತೆಂಟು ವರ್ಷ ಆಯಿತು. ನಾನೇನು ಅವಳ ಡಾಕ್ಟರಾ? ಎಲ್ಲವನ್ನೂ ಬೆಳಕಿಗೆ ಹಿಡಿದು ನೋಡುವ ಚಾಳಿ ಕಾರ್ಖಾನೆಯಲ್ಲಿ ಬಿಟ್ಟು ಬಾ. ನಿನ್ನ ನರ್ಸು ಹೇಳಿದ ಹಾಗೆ ಡಾಕ್ಟರಮ್ಮನನ್ನು ನೋಡು, ಅದು ಮುಖ್ಯ.

ಅಮ್ಮ ದಿನಾ ತನ್ನ ಮೇಲಿನ ಕೋಣೆಯಿಂದ ಕೂಗಿ ಕೇಳುತ್ತಾಳೆ, ಕಾಗದ ಬಂತಾ, ಮಗು ತೂಕ ಎಷ್ಟಾಯಿತು ಅಂತ. ಐದು ಮುನ್ನೂರು ಅಂದೆ. "ಅವಳು ಕಮ್ಮಿ ಇದ್ಲು" ಅಂದಳು. ನಿನ್ನ ವಿಷಯ. ಎಷ್ಟು ಕಮ್ಮಿ ಅಂತ ಗ್ರಾಮಿನ ಲೆಕ್ಕದಲ್ಲಿ ಹೇಳಿದಳು.

ಅಕ್ಕ

ಮೇ ೯

ಅಕ್ಕಾ,

ಬೈಯಬೇಡ. ಪೂರ್ತಿ ಓದಿ ಆಮೇಲೆ ಬೈಯಿ.

ಡಾಕ್ಟರಮ್ಮನನ್ನು ನೋಡಿದೆ. ನರ್ಸ್ ಹೇಳಿದ್ದನ್ನೇ ಹೇಳಿದರು, ಇದರಿಂದ ಮಗುವಿಗೆ ಅಪಾಯವಿಲ್ಲ, ನಿಮಗೆ ನಿದ್ದೆ ಬೇಕು, ಎರಡು ವಾರಕ್ಕೊಮ್ಮೆ ಬನ್ನಿ ಅಂತ. ನಂಬಿದೆ. ಆದರೆ ಅರ್ಧ ನಂಬಿದೆ. ಆರು ವರ್ಷ ಒಂದು ಕೆಲಸ ಮಾಡಿದವಳ ತಲೆ ನಿನಗೆ ಗೊತ್ತಲ್ಲ. ಕಣ್ಣು ಸರಿಯಿದೆ ಅಂತ ಬಾಯಿಮಾತಿನಲ್ಲಿ ಯಾರೂ ಒಪ್ಪುವುದಿಲ್ಲ, ಪರೀಕ್ಷೆ ಬಾಟಲಿ ಇಟ್ಟೇ ನೋಡಬೇಕು. ಕೈಗೂ ಹಾಗೇ ಯಾಕೆ ಮಾಡಬಾರದು ಅನ್ನಿಸಿತು.

ಐದು ಕಿಲೋ ಹಿಟ್ಟಿನ ಚೀಲ, ಅದರ ಮೇಲೆ ಒಂದು ಕಿಲೋ ಸಕ್ಕರೆ ಪೊಟ್ಟಣ, ಪಾಪುವಿನ ಈಗಿನ ತೂಕಕ್ಕೆ ಸರಿಯಾಗಿ. ಪಾಪುವಿನ ಹಳದಿ ಹೊದಿಕೆಯಲ್ಲಿ ಸುತ್ತಿದೆ, ಟೋಪಿಯನ್ನೂ ಹಾಕಿದೆ. ಪಾಪು ತೊಟ್ಟಿಲಲ್ಲಿ ಮಲಗಿದ್ದಳು. ಬೆಳಗಿನ ಐದೂವರೆ, ಕೆಳಗಿನ ಓಣಿಯಲ್ಲಿ ನರಪಿಳ್ಳೆ ಇರಲಿಲ್ಲ, ಎರಡು ಸಲ ನೋಡಿಕೊಂಡೆ. ಕಿಟಕಿ ತೆರೆದು ಗಂಟನ್ನು ಹೊರಗೆ ಚಾಚಿ ಹಿಡಿದೆ. ಯೋಚನೆ ಬಂತು. ಬಾ ಅಂದೆ. ಬಿಡು, ಹಿಟ್ಟು ತಾನೆ, ಬಿಟ್ಟುನೋಡು, ಏನಾಗುತ್ತದೋ ನೋಡೋಣ ಅಂತ ನನ್ನ ಕೈಗೆ ನಾನೇ ಹೇಳಿದೆ.

ಕೈ ಬಿಡಲಿಲ್ಲ, ಅಕ್ಕಾ. ಬೇಕೆಂದು ಬಿಡಲು ಹೋದರೂ ಬೆರಳು ಬಿಚ್ಚಿಕೊಳ್ಳಲಿಲ್ಲ. ಹಿಟ್ಟಿನ ಚೀಲವನ್ನು ಹಿಡಿದುಕೊಂಡು ನಗು ಬಂತು ನನಗೆ. ತಿಂಗಳುಗಟ್ಟಲೆ ಆದಮೇಲೆ ಬಂದ ನಗು.

ಅಷ್ಟರಲ್ಲಿ ಕೆಳಗಿನಿಂದ ಒಂದು ಕೂಗು. ಅವತ್ತು ಯಂತ್ರ ಕೆಟ್ಟು ಇವರು ಅರ್ಧ ಗಂಟೆ ಮುಂಚೆ ಹೊರಟಿದ್ದರು. ಓಣಿಯ ತಿರುವಿನಲ್ಲಿ ತಲೆಯೆತ್ತಿದವರಿಗೆ ಕಂಡದ್ದೇನು ಹೇಳು. ಮೂರನೇ ಮಹಡಿ, ಹಳದಿ ಹೊದಿಕೆ, ಟೋಪಿ, ನಗುತ್ತಿರುವ ಹೆಂಡತಿ.

ಅವರು ಮೇಲೆ ಬಂದಾಗ ಒಂದು ಕಾಲಿನಲ್ಲಿ ಚಪ್ಪಲಿ ಇರಲಿಲ್ಲ. ಹೊದಿಕೆ ಬಿಚ್ಚಿ ತೋರಿಸಿದೆ. ನೆಲದ ಮೇಲೆ ಕೂತುಬಿಟ್ಟರು. ಆಮೇಲೆ ಮಾರ್ಚಿನಿಂದ ನಡೆದದ್ದನ್ನೆಲ್ಲ ಹೇಳಿದೆ. ಪಾಪ, ಒಂದು ಮಾತೂ ಬೈಯಲಿಲ್ಲ. ಟೀ ಮಾಡಿಕೊಟ್ಟರು. ಮಧ್ಯಾಹ್ನ ನಾನು ಮಲಗಿದ್ದೇನೆ ಅಂದುಕೊಂಡು ಬಚ್ಚಲ ಬಾಗಿಲು ಹಾಕಿಕೊಂಡು ಅವರ ಅಮ್ಮನಿಗೆ ಫೋನ್ ಮಾಡಿದರು.

ಅತ್ತೆ ಸಂಜೆ ನನ್ನ ಹತ್ತಿರ ಮಾತಾಡಿದರು. "ನಿನ್ ತಪ್ಪೇನಿಲ್ಲ ಕಣಮ್ಮ. ಆರು ತಿಂಗಳು ಮಗೂನ ನಾನ್ ನೋಡ್ಕೋತೀನಿ, ನೀನ್ ಮನಸ್ಸು ಸರಿ ಮಾಡ್ಕೋ" ಅಂದರು. ನಿಜವಾಗಿಯೂ ಪ್ರೀತಿಯಿಂದಲೇ ಅಂದರು. ಇಪ್ಪತ್ನಾಲ್ಕನೇ ತಾರೀಕು ಶುಕ್ರವಾರ ಬೆಳಗಿನ ರೈಲಿಗೆ ಬಂದು, ಅದೇ ಸಂಜೆ ಕರೆದುಕೊಂಡು ಹೋಗುತ್ತಾರೆ. ನಾನು ಹೂಂ ಅಂದೆ.

ಈಗ ಇವರು ಮನೆಯಲ್ಲಿದ್ದಷ್ಟು ಹೊತ್ತು ನನಗೂ ಕಿಟಕಿಗೂ ನಡುವೆ ಕೂರುತ್ತಾರೆ, ಪೇಪರ್ ಓದುವ ಹಾಗೆ. ರಾತ್ರಿ ಇವರು ಕೆಲಸಕ್ಕೆ ಹೋದಾಗ ಪಕ್ಕದ ಮನೆಯಾಕೆ ಬಂದು ಮಲಗುತ್ತಾಳೆ. ಒಂದು ವಿಷಯ ಗಮನಿಸಿದೆ. ಮೊದಲೆಲ್ಲ ನನಗೆ ಹೆದರಿಕೆಯಾಗುತ್ತಿತ್ತು, ಆದರೂ ಎತ್ತಿಕೊಳ್ಳುತ್ತಿದ್ದೆ. ಇವರು ಹೆದರಿದ ದಿನದಿಂದ ನಾನು ಪಾಪುವನ್ನು ಎತ್ತಿಕೊಳ್ಳುವುದನ್ನೇ ಬಿಟ್ಟಿದ್ದೇನೆ. ನಿನ್ನೆ ತೊಟ್ಟಿಲ ಪಕ್ಕ ನಿಂತಿದ್ದೆ, ಬಗ್ಗಿ ನೋಡಿದರೆ ನನ್ನ ಕೈ ಕಟ್ಟಿಕೊಂಡಿತ್ತು. ಯಾವಾಗ ಕಟ್ಟಿಕೊಂಡೆನೋ ಗೊತ್ತಾಗಲಿಲ್ಲ.

ಆ ನಿಲುವು ಯಾರದ್ದು ಅಂತ ನಾನು ಬರೆಯಬೇಕಾಗಿಲ್ಲ.

ಯಾಕಮ್ಮ

ಮೇ ೧೭

ಯಾಕಮ್ಮ,

ಮೂರು ಸಲ ಬರೆದು ಹರಿದೆ. ಇದನ್ನು ಮತ್ತೆ ಓದದೆ ಕಳಿಸುತ್ತೇನೆ.

ಅಮ್ಮನಿಗೆ ಎದೆಯದ್ದೂ ಇರಲಿಲ್ಲ, ಹೊಟ್ಟೆಯದ್ದೂ ಇರಲಿಲ್ಲ. ಆಗ ನಾವಿದ್ದದ್ದು ಎರಡನೇ ಮಹಡಿಯ ಮನೆ. ಮೂವತ್ತೆರಡು ಮೆಟ್ಟಿಲು, ಒಂದು ಪಕ್ಕಕ್ಕೆ ಗೋಡೆ, ಇನ್ನೊಂದು ಪಕ್ಕ ಬಯಲು, ಹಿಡಿದುಕೊಳ್ಳಲು ಕಂಬಿ ಇರಲಿಲ್ಲ. ನೀರು, ಸಾಮಾನು ಎಲ್ಲಕ್ಕೂ ಇಳಿಯಬೇಕು. ಅಮ್ಮ ನಿನ್ನನ್ನು ಎತ್ತಿಕೊಂಡರೆ ಆ ಮೆಟ್ಟಿಲನ್ನು ಕೂತುಕೊಂಡು ಇಳಿಯುತ್ತಿದ್ದಳು. ಒಂದು ಮೆಟ್ಟಿಲು ಕೂರುವುದು, ಜಾರುವುದು, ಮುಂದಿನದಕ್ಕೆ ಕೂರುವುದು. ನಿನ್ನನ್ನು ದುಪ್ಪಟಿಯಿಂದ ಹೊಟ್ಟೆಗೆ ಕಟ್ಟಿಕೊಂಡಿರುತ್ತಿದ್ದಳು. ನಾನು ಹಿಂದೆ ಹಾಗೇ ಜಾರಿಕೊಂಡು ಬರುತ್ತಿದ್ದೆ, ನನಗದು ಆಟ.

ಒಂದು ದಿನ ಕೇಳಿದೆ, ಯಾಕೆ ಹೀಗೆ ಇಳೀತೀಯ ಅಂತ. "ನಿಂತ್ರೆ ಎಲ್ಲಿ ಕೈ ಬಿಟ್ಬಿಡ್ತೀನೋ ಅನ್ಸತ್ತೆ ಕಣೆ. ಕೂತ್ಕೊಂಡ್ರೆ ಬಿಟ್ರೂ ನನ್ ಮಡಿಲಿಗೇ ತಾನೆ ಬೀಳೋದು" ಅಂದಳು. ನಗುತ್ತಲೇ ಅಂದಳು.

ಆ ರಾತ್ರಿ ಊಟಕ್ಕೆ ಕೂತಾಗ ಅಪ್ಪನನ್ನು ನಗಿಸಲು ನಾನು ಅದನ್ನು ಮಾಡಿ ತೋರಿಸಿದೆ. ಕುರ್ಚಿಯಿಂದ ಜಾರಿ, ಅಮ್ಮನ ದನಿಯಲ್ಲಿ, ಎಲ್ಲಿ ಕೈ ಬಿಟ್ಬಿಡ್ತೀನೋ ಅಂತ. ಅಪ್ಪ ನಗಲಿಲ್ಲ. ಅಮ್ಮ ಒಳಗೆ ಒಲೆಯ ಹತ್ತಿರ ಇದ್ದಳು, ಕೇಳಿಸಿಕೊಳ್ಳಲಿಲ್ಲ. ಮುಂದಿನ ಭಾನುವಾರ ದೊಡ್ಡಮ್ಮ ಬಂದಳು. ಅಮ್ಮನಿಗೆ ವಿಶ್ರಾಂತಿ ಬೇಕು ಅಂತ ಅವಳೂ ಅಪ್ಪನೂ ಹೇಳಿದರು. ಯಾರೂ ಬೈಯಲಿಲ್ಲ. ಬೈದಿದ್ದರೆ ಅವಳು ಜಗಳವಾದರೂ ಆಡುತ್ತಿದ್ದಳು. ದೊಡ್ಡಮ್ಮ ನಿನ್ನನ್ನು ಎತ್ತಿಕೊಂಡು ದಡದಡ ಇಳಿದು ಹೋದಳು. ಅಮ್ಮ ಮೇಲಿನ ಮೆಟ್ಟಿಲಲ್ಲಿ ನಿಂತು ನೋಡಿದಳು. ಅಪ್ಪ ಅವಳ ರಟ್ಟೆ ಹಿಡಿದುಕೊಂಡಿದ್ದರು.

ನೀನು ವಾಪಸ್ ಬಂದಾಗ ಅವಳು ಈಗಿರುವ ಅಮ್ಮ ಆಗಿದ್ದಳು. ನಾನು ಅವಳ ಸ್ವಭಾವ ಅಂದೆನಲ್ಲ, ಸುಳ್ಳು. ಮೊದಲು ಹಾಗಿರಲಿಲ್ಲ. ನನ್ನನ್ನು ಎಂಟು ವರ್ಷದವರೆಗೂ ಸೊಂಟದ ಮೇಲೆ ಹೊತ್ತು ತಿರುಗಿದವಳು ಅವಳು.

ಇನ್ನೊಂದಿದೆ. ನನ್ನ ದೊಡ್ಡವನು ಹುಟ್ಟಿದಾಗ ಅವಳು ಮಂಚದ ಪಕ್ಕ ನಿಂತಿದ್ದಳು. ಕೊಡಲಾ ಅಂತ ನಾನು ಕೇಳಲಿಲ್ಲ. ಕೊಡು ಅಂತ ಅವಳು ಕೇಳಲಿಲ್ಲ. ಹೇಳಿದ್ದು ನಾನು ಅಂತ ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಅವಳಿಗೆ ಗೊತ್ತಾಗಬಾರದು ಅಂತಲೇ ನಿನಗೆ ಎದೆಯ ತೊಂದರೆ ಅಂತ ಹೇಳಿದ್ದು.

ಈಗ ಏನು ಬೇಕಾದರೂ ಅನ್ನು.

ಅಕ್ಕ

ಮೇ ೨೧, ಮಂಗಳವಾರ

ಅಕ್ಕಾ,

ನಿನ್ನ ಕಾಗದ ಇವತ್ತು ಬಂತು. ಬಂದಾಗಿನಿಂದ ಮೂರು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಅಂಗಡಿಯಲ್ಲಿ ಗಲಾಟೆಯೋ, ನನ್ನ ದನಿ ಕೇಳಲು ಭಯವೋ. ಭಯವಾಗಿದ್ದರೆ ಬಿಡು. ಒಂಬತ್ತು ವರ್ಷದ ಹುಡುಗಿ ಅಪ್ಪನನ್ನು ನಗಿಸಲು ಹೋದಳು, ಅಷ್ಟೇ ನಡೆದದ್ದು. ಉಳಿದದ್ದನ್ನು ಮಾಡಿದವರು ದೊಡ್ಡವರು.

ನಾನು ಮಧ್ಯಾಹ್ನದಿಂದ ಆ ಮೆಟ್ಟಿಲನ್ನೇ ನೋಡುತ್ತಿದ್ದೇನೆ. ಅಮ್ಮನಿಗೂ ನನಗೂ ಬಂದದ್ದು ಒಂದೇ ಯೋಚನೆ. ಅವಳು ಅದನ್ನು ಏನು ಮಾಡಿದಳು ನೋಡು. ಪುಸ್ತಕ ಬರೆಯಲಿಲ್ಲ, ಮೇಷ್ಟ್ರ ಪಾಠ ನೆನೆಯಲಿಲ್ಲ, ಹಿಟ್ಟಿನ ಚೀಲ ಹಿಡಿದು ಓಣಿಯವರ ಜೀವ ತೆಗೆಯಲಿಲ್ಲ. ಕೂತುಕೊಂಡು ಇಳಿದಳು. ದಿನಕ್ಕೆ ಎಷ್ಟು ಸಲವೋ, ಅಷ್ಟು ತಿಂಗಳು, ಅಷ್ಟೂ ಮೆಟ್ಟಿಲು, ಸೀರೆ ಸವೆಯುವ ಹಾಗೆ. ಯೋಚನೆ ಅವಳನ್ನು ರೂಪಿಸಿತು ಅಂದರೆ ಹೀಗೆ ರೂಪಿಸಿತು, ಜಗತ್ತಿನಲ್ಲೇ ಅತಿ ಜೋಪಾನದ ತಾಯಿಯಾಗಿ. ಕೈ ಕಟ್ಟಿಸಿದ್ದು ಆ ಯೋಚನೆಯಲ್ಲ. ಅವಳ ಬಗ್ಗೆ ಬೇರೆಯವರಿಗೆ ಬಂದ ಯೋಚನೆ. ಅದನ್ನು ಅವಳೂ ನಂಬಿಬಿಟ್ಟಳು. ನಾನು ಕೆಲವೇ ದಿನದಲ್ಲಿ ನಂಬಲು ಶುರುಮಾಡಿದ್ದೆ.

ಅಕ್ಷರ ವಕ್ರವಾಗಿದ್ದರೆ ಕ್ಷಮಿಸು. ಎಡಗೈಯಲ್ಲಿ ಪಾಪು ಇದ್ದಾಳೆ, ಪೆನ್ನಿಗೆ ಕೈ ಹಾಕುತ್ತಿದ್ದಾಳೆ.

ನಿನ್ನ ಕಾಗದವನ್ನು ಇವರಿಗೆ ಕೊಟ್ಟೆ. ನಿಂತುಕೊಂಡೇ ಎರಡು ಸಲ ಓದಿದರು. ಅವರ ಮುಖ ಸ್ವಲ್ಪ ಸಡಿಲವಾಯಿತು. ಆಮೇಲೆ ಅಂದರು, "ಇದು ನಿಮ್ಮಕ್ಕ ಹೇಳ್ತಿರೋದು. ನಿಮ್ಮಮ್ಮನ್ನ ಯಾರಾದ್ರೂ ಕೇಳಿದೀರಾ? ಅವರೇ ಮಗೂನ ಕಳಿಸೋದು ಒಳ್ಳೇದಾಯ್ತು ಅಂದ್ಬಿಟ್ರೆ?" ಅಮ್ಮ ಬಾಯಿ ಬಿಟ್ಟು ಹೇಳಿದರೆ ತಾನು ಕೇಳುತ್ತೇನೆ, ಇಲ್ಲದಿದ್ದರೆ ತನ್ನ ಅಮ್ಮ ಆಗಲೇ ಟಿಕೆಟ್ ತೆಗೆಸಿದ್ದಾರೆ ಅಂದರು. ನಿಜವಾಗಿಯೂ ಯಾರೂ ಅವಳನ್ನು ಕೇಳಿಲ್ಲ. ಇಪ್ಪತ್ತೆಂಟು ವರ್ಷದಲ್ಲಿ ಒಬ್ಬರೂ. ಅವಳು ಏನು ಹೇಳುತ್ತಾಳೋ ನನಗೂ ಗೊತ್ತಿಲ್ಲ. ಆದರೆ ಆರು ತಿಂಗಳು ಕಳೆದು ಪಾಪು ವಾಪಸ್ ಬಂದಾಗ ನಾನು ಯಾರಾಗಿರುತ್ತೇನೆ ಅನ್ನುವುದು ಗೊತ್ತು, ನಿಮ್ಮ ಮನೆಯ ಮೇಲಿನ ಕೋಣೆಯಲ್ಲಿ ಅದು ಕೂತಿದೆ.

ಇದನ್ನು ಈಗಲೇ ತುರ್ತು ಅಂಚೆಗೆ ಹಾಕಿಸುತ್ತೇನೆ. ಗುರುವಾರ ಸಂಜೆಯೊಳಗೆ ನಿನ್ನ ಕೈಸೇರುತ್ತದೆ. ಅತ್ತೆಯ ರೈಲು ಶುಕ್ರವಾರ ಬೆಳಿಗ್ಗೆ ಆರೂ ಇಪ್ಪತ್ತಕ್ಕೆ. ಗುರುವಾರ ರಾತ್ರಿ ಇವರಿಗೆ ರಜೆ, ಮನೆಯಲ್ಲೇ ಇರುತ್ತಾರೆ.

ಯಂತ್ರ ನಿಲ್ಲಿಸು. ಮೇಲೆ ಹೋಗು. ಮೊದಲು ನೀನು ಹೇಳಬೇಕಾದ್ದನ್ನು ಹೇಳಬೇಕಾಗುತ್ತದೆ, ಅದು ಎಷ್ಟು ಕಷ್ಟ ಅಂತ ನನಗೆ ಗೊತ್ತು, ಆದರೂ ಹೋಗು. ಆಮೇಲೆ ಅವಳ ಕೈಗೆ ನಿನ್ನ ಫೋನ್ ಕೊಡು, ಅವಳದ್ದು ಅಂತ ಒಂದಿಲ್ಲವಲ್ಲ. ಅವಳು ಬೇಡ ಅಂದರೆ, ನನ್ನ ಮಗುವನ್ನೂ ಕಳಿಸುತ್ತಿದ್ದಾರೆ ಅಂತ ಹೇಳು. ಇವರು ಕೇಳುತ್ತಿರುತ್ತಾರೆ, ನಾನು ಒಂದೇ ಒಂದು ಪ್ರಶ್ನೆ ಕೇಳುತ್ತೇನೆ. ಅಮ್ಮಾ, ಅವತ್ತು ಅಪ್ಪ ನಿನ್ನ ರಟ್ಟೆ ಬಿಟ್ಟಿದ್ದರೆ ನೀನು ಏನು ಮಾಡುತ್ತಿದ್ದೆ?

ಅವಳು ಅತ್ತರೂ ಪರವಾಗಿಲ್ಲ, ಬೈದರೂ ಪರವಾಗಿಲ್ಲ. ಫೋನ್ ನನ್ನ ತಲೆದಿಂಬಿನ ಪಕ್ಕದಲ್ಲೇ ಇರುತ್ತದೆ, ಮೊದಲ ರಿಂಗಿಗೇ ಎತ್ತುತ್ತೇನೆ.

ನಿನ್ನ ತಂಗಿ

ಹನ್ನೆರಡಾಗಲಿ, ಎರಡಾಗಲಿ, ನಾಲ್ಕಾಗಲಿ, ಹೊತ್ತು ನೋಡಬೇಡ. ಶುಕ್ರವಾರ ಬೆಳಗಾಗುವುದರೊಳಗೆ ಒಂದು ಫೋನ್ ಮಾಡಿಸಕ್ಕಾ.